ಭತ್ತ ಅಳೆಯೋ ಮಣ್ಣಿನ ಜನ: ಒಂದು ಗೇಣಿ ಅಂಗಳದ ಕೇಸು

1999ರ ಬೇಸಿಗೆ, ವೆನಿಸ್ ಬಿಯೆನಾಲೆ, ಅಂದ್ರೆ ಇಟಲಿಯ ವೆನಿಸಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಕಲಾ ಪ್ರದರ್ಶನ. ಊರಿನ ಹಳೇ ಹಡಗುಕಟ್ಟೆ ಆರ್ಸೆನಾಲೆ ಇದ್ಯಲ್ಲ, ಅದರಲ್ಲಿ ಒಂದು ಕಾಲಕ್ಕೆ ಸಿಡಿಮದ್ದು ತುಂಬಿಡ್ತಿದ್ದ ಒಂದು ಗೋಡೌನು. ಅದರೊಳಗೆ ಚೀನಾದಿಂದ ಬಂದ ಹತ್ತು ಜನ ಶಿಲ್ಪಿಗಳು ಮರದ ಪಟ್ಟಿ, ತಂತಿ ಕಟ್ಟಿ ಅಸ್ಥಿಪಂಜರ ಮಾಡ್ಕೊಂಡು ಅದಕ್ಕೆ ಹಸೀ ಮಣ್ಣು ಮೆತ್ತುತ್ತಾ ಕೂತಿದ್ರು. ಶೋ ಓಪನ್ ಆದಾಗಲೂ ಕೆಲ್ಸ ಮುಗಿದಿರ್ಲಿಲ್ಲ, ಮುಗಿಸಬೇಕು ಅಂತಲೂ ಇರ್ಲಿಲ್ಲ. ಒಂದು ಕಡೆ ಪೂರ್ತಿಯಾದ ಮುದುಕ ಬೆನ್ನು ಬಗ್ಗಿಸಿ ಮೂಟೆ ಹೊತ್ತಿದಾನೆ, ಇನ್ನೊಂದು ಕಡೆ ಬರೀ ಕಡ್ಡಿಗಳು ನಿಂತಿವೆ, ಮಧ್ಯದಲ್ಲಿ ತಲೆ ಇಲ್ಲದ ಹೆಂಗಸು. ಸುಡದ ಮಣ್ಣು ಅಲ್ವಾ, ಹಿಂದಿನವು ಆಗ್ತಾ ಇದ್ದಂಗೇ ಮುಂದಿನವು ಒಣಗಿ ಬಿರುಕು ಬಿಡೋಕೆ ಶುರು, ಕೈಬೆರಳು ಉದುರೋದು, ಕೆನ್ನೆ ಚಕ್ಕೆ ಏಳೋದು. ಒಟ್ಟು 108 ಆಳೆತ್ತರದ ಬೊಂಬೆ, 60 ಟನ್ ಮಣ್ಣು. ಕಲಾವಿದನ ಹೆಸರು ಅಂತ ಇದ್ದಿದ್ದು ತ್ಸಾಯ್ ಗುವೋಛಿಯಾಂಗ್. ಆದ್ರೆ ಆತ ಒಂದು ಮುಷ್ಟಿ ಮಣ್ಣೂ ಮೆತ್ತಬೇಕಾಗಿರ್ಲಿಲ್ಲ, ಅದು ಅವನ ಕೆಲಸವೇ ಅಲ್ಲ. ಆ ವರ್ಷ ಬಿಯೆನಾಲೆಯ ಗೋಲ್ಡನ್ ಲಯನ್ ಬಹುಮಾನ ತಗೊಂಡ ಮೂವರಲ್ಲಿ ಆತನೂ ಒಬ್ಬ.

ತಮಾಷೆ ಏನಂದ್ರೆ ಈ ಬೊಂಬೆಗಳು ಚೀನಾದಲ್ಲಿ ಒಂದು ವಯಸ್ಸು ದಾಟಿದ ಪ್ರತಿಯೊಬ್ಬರಿಗೂ ಗೊತ್ತು. ಸ್ಕೂಲ್ ಪುಸ್ತಕದಲ್ಲಿ, ಪೋಸ್ಟರಲ್ಲಿ, ಗೋಡೆ ಮೇಲೆ ನೋಡಿ ನೋಡಿ ಬಾಯಿಪಾಠ ಆಗಿರೋವು. 1965ರಲ್ಲಿ ಸಿಚುವಾನ್ ಪ್ರಾಂತ್ಯದಲ್ಲಿ ಮಾಡಿದ 'ಗೇಣಿ ವಸೂಲಿ ಅಂಗಳ' ಅನ್ನೋ ಶಿಲ್ಪಗುಂಪಿನ ಕಾಪಿ ಅದು, ಬೇಕು ಅಂತಲೇ ಮಾಡಿದ ಕಾಪಿ. ಮರುವರ್ಷ ಒರಿಜಿನಲ್ ಮಾಡಿದ ಸಂಸ್ಥೆಯವರು 'ಇದು ನಮ್ಮ ಕಾಪಿರೈಟು, ಕೇಸ್ ಹಾಕ್ತೀವಿ' ಅಂತ ಎದ್ದು ನಿಂತ್ರು.

ಈ ಒಂದು ಕೇಸ್ ಇಟ್ಕೊಂಡು ಬರೀತಿದೀನಿ ಯಾಕಂದ್ರೆ ಚೀನಾದ ಇತಿಹಾಸ ಅಂದ್ರೆ ನಮಗೆ ಸಿಗೋದು ಮಾವೋ, ಆಮೇಲೆ ಡೆಂಗ್, ಆಮೇಲೆ ಫ್ಯಾಕ್ಟರಿ, ಅಷ್ಟೇ. ಒಂದು ಊರಿನ ಒಂದು ಅಂಗಳ, ಅಲ್ಲಿ ಭತ್ತ ಅಳೆದಿದ್ದು, ಆ ಅಳೆದಿದ್ದನ್ನ ಮಣ್ಣಲ್ಲಿ ಮಾಡಿದ್ದು, ಆ ಮಣ್ಣಿನ ಮೇಲೆ ಯಾರ ಹಕ್ಕು ಅಂತ ಜಗಳ ಆಡಿದ್ದು, ಇಷ್ಟನ್ನ ಹಿಡ್ಕೊಂಡು ಹೋದ್ರೆ ಐವತ್ತು ವರ್ಷ ಕೈಗೆ ಸಿಗುತ್ತೆ ಅಂತ ನನಗನ್ಸಿದೆ.

ಮೊದಲು ಊರು. ಚೆಂಗ್ಡು ನಗರದ ಪಶ್ಚಿಮಕ್ಕೆ ದಾಯಿ ಕೌಂಟಿ, ಅದರಲ್ಲಿ ಆನ್‌ರೆನ್ ಅನ್ನೋ ಸಣ್ಣ ಪಟ್ಟಣ. ಬಯಲುಸೀಮೆ, ಆದ್ರೆ ನೀರಿಗೆ ಬರ ಇಲ್ಲ, ಭತ್ತದ ನಾಡು. ಅಲ್ಲಿನ ಲಿಯು ಮನೆತನ ಅಂದ್ರೆ ಸಾಮಾನ್ಯ ಜಮೀನ್ದಾರರ ಮನೆ ಅಲ್ಲ. 1920, 30ರ ದಶಕದಲ್ಲಿ ಸಿಚುವಾನನ್ನ ಹಂಚಿಕೊಂಡು ಆಳಿದ ಸೇನಾ ದೊರೆಗಳಲ್ಲಿ ಇಬ್ಬರು ಇದೇ ಮನೆಯವರು, ಲಿಯು ವೆನ್‌ಹುಯಿ ಮತ್ತೆ ಅವನ ಸಂಬಂಧಿ ಲಿಯು ಶಿಯಾಂಗ್. ವೆನ್‌ಹುಯಿಯ ಅಣ್ಣ ಲಿಯು ವೆನ್‌ತ್ಸಾಯ್, 1887ರಲ್ಲಿ ಹುಟ್ಟಿದವನು. ತಮ್ಮನ ಸೈನ್ಯದ ಬಲ ಇರೋವಾಗ ಅಣ್ಣ ತೆರಿಗೆ ವಸೂಲಿ, ಅಫೀಮು, ಗುಪ್ತಸಂಘದ ಯಜಮಾನಿಕೆ ಎಲ್ಲ ನೋಡ್ಕೊಂಡ. ದುಡ್ಡು ಮಾಡಿದ, ಸಾವಿರಾರು ಮೂ ಜಮೀನು ಮಾಡಿದ (ಒಂದು ಮೂ ಅಂದ್ರೆ ನಮ್ಮ ಆರೇಳು ಗುಂಟೆ), ಊರಲ್ಲಿ ಅಂಗಳದ ಮೇಲೆ ಅಂಗಳ ಇರೋ ದೊಡ್ಡ ಬಂಗಲೆ ಕಟ್ಟಿಸಿದ. ಕೊನೇ ವರ್ಷಗಳಲ್ಲಿ ಒಂದು ದೊಡ್ಡ ಹೈಸ್ಕೂಲನ್ನೂ ಕಟ್ಟಿಸಿಕೊಟ್ಟ, ಅದು ಈಗಲೂ ನಡೀತಿದೆ. ಸತ್ತಿದ್ದು 1949ರ ಅಕ್ಟೋಬರಲ್ಲಿ, ಅಂದ್ರೆ ಬೀಜಿಂಗಲ್ಲಿ ಮಾವೋ ಹೊಸ ಗಣರಾಜ್ಯ ಘೋಷಣೆ ಮಾಡಿದ ಅದೇ ತಿಂಗಳು. ಕಮ್ಯುನಿಸ್ಟ್ ಸೈನ್ಯ ಸಿಚುವಾನ್ ತಲುಪೋಕೆ ಮುಂಚೆನೇ ಜಾಗ ಖಾಲಿ ಮಾಡಿದ.

ಇಲ್ಲಿ ಒಂದು ವಿಷ್ಯ ನೋಡಿ. ತಮ್ಮ ವೆನ್‌ಹುಯಿ ಡಿಸೆಂಬರಲ್ಲಿ ಪಕ್ಷ ಬದಲಾಯಿಸಿ ಕಮ್ಯುನಿಸ್ಟರ ಕಡೆ ಸೇರ್ಕೊಂಡ, 1959ರಲ್ಲಿ ಬೀಜಿಂಗಲ್ಲಿ ಅರಣ್ಯ ಮಂತ್ರಿ ಆದ. ಸೈನ್ಯ ಇಟ್ಕೊಂಡು ಪ್ರಾಂತ್ಯವನ್ನೇ ಹಿಂಡಿದವನು ಮಂತ್ರಿ, ಮನೇಲಿ ಕೂತು ಭತ್ತ ಅಳೆಸಿದ ಅಣ್ಣ ದೇಶಕ್ಕೇ ರಾಕ್ಷಸ. ಸತ್ತವನ ಮೇಲೆ ಏನು ಬೇಕಾದ್ರೂ ಹೊರಿಸಬಹುದು, ಬದುಕಿದ್ದವನು ಕೆಲಸಕ್ಕೆ ಬರ್ತಾನೆ, ರಾಜಕೀಯ ಎಲ್ಲ ಕಡೆ ಹಿಂಗೇ ಅನ್ಸುತ್ತೆ.

1950ರ ಭೂಸುಧಾರಣೆ ಕಾಯ್ದೆ ಬಂದು ಜಮೀನು ಹಂಚಿಕೆ ಆಯ್ತು. 1950ರ ದಶಕದ ಕೊನೇಲಿ ಬಂಗಲೆನ ಮ್ಯೂಸಿಯಂ ಮಾಡಿದ್ರು, ಜಮೀನ್ದಾರನ ಪಾಪ ತೋರ್ಸೋ ಮ್ಯೂಸಿಯಂ. ರೇಷ್ಮೆ ಹಾಸಿಗೆ, ಅಫೀಮು ಸೇದೋ ಮಂಚ, ಕಾರು, ಇದೆಲ್ಲ ಇತ್ತು. ಜನಕ್ಕೆ ಮೈ ನಡುಗಿಸ್ತಿದ್ದಿದ್ದು ಮಾತ್ರ 'ನೀರಿನ ಸೆರೆ', ಗೇಣಿ ಕೊಡದವರನ್ನ ಸೊಂಟದುದ್ದ ನೀರಲ್ಲಿ ನಿಲ್ಲಿಸಿ ಕೊಲ್ತಿದ್ದ ನೆಲಮಾಳಿಗೆ ಅಂತ. ಅದರಿಂದ ಬದುಕಿ ಬಂದೆ ಅಂತ ಹೇಳ್ಕೊಂಡು ಒಬ್ಬ ಹೆಂಗಸು ದೇಶ ಪೂರ್ತಿ ಭಾಷಣ ಮಾಡ್ತಿದ್ಲು. ಈ ಸೆರೆಗೆ ಆಮೇಲೆ ಬರ್ತೀನಿ.

1965ರ ಜೂನಲ್ಲಿ ಚೊಂಗ್‌ಚಿಂಗ್‌ನಲ್ಲಿರೋ ಸಿಚುವಾನ್ ಲಲಿತಕಲಾ ಸಂಸ್ಥೆಯ ಮೇಷ್ಟ್ರುಗಳು, ವಿದ್ಯಾರ್ಥಿಗಳು ಆನ್‌ರೆನ್‌ಗೆ ಬಂದಿಳಿದ್ರು. ಕೆಲಸ ಏನು ಅಂದ್ರೆ ಗೇಣಿ ವಸೂಲಿ ನಡೀತಿದ್ದ ಅದೇ ಅಂಗಳದಲ್ಲಿ, ಅದೇ ಸೂರಿನ ಕೆಳಗೆ, ವಸೂಲಿಯ ದೃಶ್ಯನೇ ನಿಲ್ಲಿಸಬೇಕು. ಕಂಚಿಗೆ ದುಡ್ಡಿಲ್ಲ, ಟೈಮೂ ಇಲ್ಲ. ಕಾಲೇಜಲ್ಲಿ ಇವರು ಕಲಿತಿದ್ದು ಯುರೋಪು, ಸೋವಿಯತ್ ರೀತಿಯ ಶಿಲ್ಪ. ಆದ್ರೆ ಆ ಊರ ಕಡೆ ದೇವಸ್ಥಾನಕ್ಕೆ ಮಣ್ಣಿನ ದೇವರು ಮಾಡ್ತಿದ್ದ ಕುಶಲಕರ್ಮಿಗಳು ಇದ್ರು, ಅವರನ್ನ ಜೊತೆಗೆ ಸೇರಿಸ್ಕೊಂಡ್ರು. ಮರದ ಚೌಕಟ್ಟು, ಅದಕ್ಕೆ ಹುಲ್ಲು ಸುತ್ತಿ, ಒರಟು ಮಣ್ಣು ಮೆತ್ತಿ, ಮೇಲೆ ಮರಳು ಹತ್ತಿ ಕಲಸಿದ ನುಣ್ಣನೆ ಮಣ್ಣು. ನಮ್ಮಲ್ಲಿ ಗಣಪತಿ ಮಾಡೋರನ್ನ ನೋಡಿದ್ರೆ ಈ ಕ್ರಮ ಅರ್ಥ ಆಗುತ್ತೆ, ಹುಲ್ಲಿನ ಹೊಟ್ಟೆ, ಮಣ್ಣಿನ ಚರ್ಮ. ಕಣ್ಣಿಗೆ ಮಾತ್ರ ಕಪ್ಪು ಗಾಜಿನ ಗೋಲಿ ಇಟ್ರು. ಬಣ್ಣ ಇಲ್ಲ, ಮೈಯೆಲ್ಲ ಬರೀ ಮಣ್ಣಿನ ಬಣ್ಣ, ಅದರಲ್ಲಿ ಕಣ್ಣು ಮಾತ್ರ ಹೊಳೀತವೆ. ಕೆಲಸ ನಡೆಯೋವಾಗ ಊರಿನ ರೈತರು ಬಂದು ನೋಡೋದು, ಅವನು ಹಂಗೆ ನಿಂತ್ಕೋತಿರ್ಲಿಲ್ಲ, ಮೂಟೆ ಹಂಗೆ ಹೊರಲ್ಲ ಅನ್ನೋದು, ಇವರು ತಿದ್ದೋದು. ಅಕ್ಟೋಬರ್ ಹೊತ್ತಿಗೆ ಮುಗೀತು, 114 ಬೊಂಬೆ. ಮಾಡಿದವರ ಹೆಸರು ಎಲ್ಲೂ ಇಲ್ಲ. ಆಗ ಅದೇ ಹೆಮ್ಮೆ, ಕಲೆ ಒಬ್ಬನದಲ್ಲ, ಸಮೂಹದ್ದು.

ಅಂಗಳಕ್ಕೆ ಕಾಲಿಟ್ಟವರು ಸಾಲಿನ ಜೊತೆ ನಡ್ಕೊಂಡು ಹೋಗ್ಬೇಕು. ಮೊದಲು ಭತ್ತ ಹೊತ್ತು ಬರೋರು, ಮುದುಕರು, ಹೆಂಗಸರು, ಸಣ್ಣ ಮಕ್ಕಳು ಕೂಡ. ಆಮೇಲೆ ತಪಾಸಣೆ. ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದ್ರೆ ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಈ ಜಾಗ. ಕೈಲಿ ತಿರುಗಿಸಿ ಭತ್ತ ತೂರೋ ಮರದ ಮಿಷಿನ್ ಒಂದಿದೆ, ಅದು ಬೊಂಬೆ ಅಲ್ಲ, ನಿಜವಾದ ಮಿಷಿನ್ನು. ಬುಟ್ಟಿಗಳೂ ನಿಜವಾದವೇ. ಧಣಿ ಕಡೆಯವನು ಹಿಡಿ ತಿರುಗಿಸ್ತಿದಾನೆ. ಗಾಳಿ ಜೋರು ಮಾಡಿದ್ರೆ ಜೊಳ್ಳಿನ ಜೊತೆ ಗಟ್ಟಿ ಕಾಳೂ ಹಾರಿಹೋಗುತ್ತೆ, ಹಾರಿಹೋಗಿದ್ದು ಲೆಕ್ಕಕ್ಕಿಲ್ಲ, ಉಳಿದಿದ್ದಷ್ಟೇ ಗೇಣಿ ಲೆಕ್ಕಕ್ಕೆ. ಮನೇಲಿ ಒಣಗಿಸಿ ಕೇರಿ ತಂದ ಭತ್ತ ಕಣ್ಣೆದುರಿಗೇ ಕಡಿಮೆ ಆಗೋದನ್ನ ರೈತ ನಿಂತು ನೋಡ್ತಿದಾನೆ. ಅದಾದ್ಮೇಲೆ ಅಳತೆ, ಅಲ್ಲಿ ಕೊಳಗ ದೊಡ್ಡದು. ಆಮೇಲೆ ಗುಮಾಸ್ತರ ಮೇಜು, ಅಬಾಕಸ್, ಪಕ್ಕದಲ್ಲಿ ಕುರ್ಚಿ ಮೇಲೆ ಲಿಯು ವೆನ್‌ತ್ಸಾಯ್ ತಾನೇ ಕೂತಿದಾನೆ. ಲೆಕ್ಕ ಸಾಲದವರಿಗೆ ಬಲವಂತ: ಕಣ್ಣು ಕಾಣದ ಮುದುಕ ಮೊಮ್ಮಗಳನ್ನ ಒಪ್ಪಿಸ್ತಿದಾನೆ, ಹಾಲೂಡಿಸೋ ತಾಯಿಯನ್ನ ಮಗುವಿಂದ ಕಿತ್ಕೊಂಡು ಎಳ್ಕೊಂಡು ಹೋಗ್ತಿದಾರೆ. ಕೊನೇಲಿ ಸಿಟ್ಟಿನ ಮುಖಗಳು.

ಅಳತೆ ಪಾತ್ರೆಯ ಮೋಸ ಅಂದ ತಕ್ಷಣ ನನಗೆ ಕಾಗೋಡು ನೆನಪಾಗಿದ್ದು ಸುಳ್ಳಲ್ಲ. 1951ರಲ್ಲಿ ಸಾಗರದ ಕಡೆ ಗೇಣಿದಾರರು ಎದ್ದಿದ್ದಕ್ಕೂ ಕೊಳಗದ ಗಾತ್ರವೇ ಒಂದು ಮುಖ್ಯ ಕಾರಣ. ಅಷ್ಟರ ಮಟ್ಟಿಗೆ ಆನ್‌ರೆನ್ ಅಂಗಳದ ಮಣ್ಣು ಸುಳ್ಳು ಹೇಳ್ತಿಲ್ಲ. ಗೇಣಿ ಕೊಟ್ಟು ಬದುಕಿದವರಿಗೆ ಗೊತ್ತು, ಹೊಡೆತಕ್ಕಿಂತ ಹೆಚ್ಚು ಉರಿಸೋದು ಅಳತೆ.

ಈಗ ಈ ಕೇಸಿನ ನಡುಮನೆಗೆ ಬರೋಣ. 1965ರಲ್ಲೇ ಯಾಕೆ? ಜಮೀನ್ದಾರ ಸತ್ತು ಹದಿನಾರು ವರ್ಷ, ಜಮೀನು ಹಂಚಿ ಹದಿಮೂರು ಹದಿನಾಲ್ಕು ವರ್ಷ ಆಗಿತ್ತು, ಸತ್ತ ಹಾವನ್ನ ಮತ್ತೆ ಬಡಿಯೋ ಅರ್ಜೆಂಟ್ ಏನಿತ್ತು?

ಹಂಚಿದ ಜಮೀನು ರೈತನ ಕೈಲಿ ಜಾಸ್ತಿ ದಿನ ಉಳೀಲಿಲ್ಲ. 1953ರ ಕೊನೇಲಿ ಧಾನ್ಯದ ಖರೀದಿ ಮಾರಾಟ ಎರಡೂ ಸರ್ಕಾರದ ಕೈಗೆ ಹೋಯ್ತು, ಇಷ್ಟು ಭತ್ತ ಇಷ್ಟು ರೇಟಿಗೆ ಸರ್ಕಾರಕ್ಕೇ ಕೊಡಬೇಕು. ನಮ್ಮ ಅಜ್ಜಂದಿರ ಕಾಲದವರಿಗೆ ಲೇವಿ ಭತ್ತ ಅಂದ್ರೆ ಗೊತ್ತು, ಅದರ ಹತ್ತು ಪಟ್ಟು ಬಿಗಿ ಅಂದ್ಕೊಳ್ಳಿ. ಆಮೇಲೆ ಸಹಕಾರಿ ಬೇಸಾಯ, 1958ರಲ್ಲಿ ಕಮ್ಯೂನು, ಎಲ್ಲರಿಗೂ ಒಂದೇ ಊಟದ ಮನೆ, ಮನೆಯ ಒಲೆ ಆರಿಸಿಬಿಟ್ರು. ಮಹಾ ಮುನ್ನೆಗೆತ ಅಂತ ಅದಕ್ಕೆ ಹೆಸರು. ಮೇಲಿನವರನ್ನ ಮೆಚ್ಚಿಸೋಕೆ ಪ್ರತಿ ಕಮ್ಯೂನೂ ಇಲ್ಲದ ಬೆಳೆ ಲೆಕ್ಕ ಬರೆದು ಕಳಿಸಿದ್ರು, ಆ ಸುಳ್ಳು ಲೆಕ್ಕದ ಮೇಲೆ ಸರ್ಕಾರ ಲೇವಿ ಎತ್ತಿತು. ಬೆಳೆದಿದ್ದೇ ಅಷ್ಟಿರ್ಲಿಲ್ಲ, ಕೊಟ್ಟಮೇಲೆ ಏನು ಉಳಿಯುತ್ತೆ. 1959ರಿಂದ 61ರವರೆಗೆ ದೇಶದಲ್ಲಿ ಹಸಿವಿಂದ ಸತ್ತವರ ಸಂಖ್ಯೆ ಒಂದೊಂದು ಇತಿಹಾಸಕಾರರ ಲೆಕ್ಕದಲ್ಲಿ ಒಂದೊಂದು, ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿ ತನಕ ಹೇಳ್ತಾರೆ. ಅತೀ ಹೆಚ್ಚು ಸತ್ತ ಪ್ರಾಂತ್ಯಗಳಲ್ಲಿ ಸಿಚುವಾನ್ ಒಂದು, ಅಲ್ಲೊಂದರಲ್ಲೇ ಕೋಟಿ ಹತ್ತಿರ ಅಂತ ಕೆಲವರ ಅಂದಾಜು. ಭತ್ತದ ಕಣಜ ಅನ್ನಿಸ್ಕೊಂಡ ಪ್ರಾಂತ್ಯ ಅದು. ಜನ ಸಾಯ್ತಿರೋವಾಗಲೂ ಅಲ್ಲಿಂದ ಬೇರೆ ಪ್ರಾಂತ್ಯಗಳಿಗೆ ಧಾನ್ಯ ಹೋಗ್ತಾನೇ ಇತ್ತು, ಪ್ರಾಂತ್ಯದ ಪಕ್ಷದ ಮುಖ್ಯಸ್ಥ ಲಿ ಜಿಂಗ್‌ಚುವಾನ್ ಕಳಿಸ್ತಾನೇ ಇದ್ದ.

1962ರಲ್ಲಿ ಮಾವೋ ವರ್ಗ ಹೋರಾಟ ಮರೀಬೇಡಿ ಅಂದ. ಮರುವರ್ಷದಿಂದ ಹಳ್ಳಿಗಳಲ್ಲಿ ಸಮಾಜವಾದಿ ಶಿಕ್ಷಣ ಚಳವಳಿ. ಅದರಲ್ಲಿ ಒಂದು ಕಾರ್ಯಕ್ರಮ, ಹಳೇ ಕಹಿ ನೆನೆಸ್ಕೊಳ್ಳಿ, ಈಗಿನ ಸಿಹಿ ಅರಿತ್ಕೊಳ್ಳಿ ಅಂತ. ಎಲ್ಲರೂ ಕೂತು ತೌಡು, ಕಾಡುಸೊಪ್ಪು ಬೇಯಿಸಿದ್ದು ತಿನ್ನಬೇಕು, ಆಮೇಲೆ ಹಿರಿಯರು ಎದ್ದು ಜಮೀನ್ದಾರನ ಕಾಲದ ಕಷ್ಟ ಹೇಳಬೇಕು. ಕೆಲವು ಕಡೆ ಏನಾಗ್ತಿತ್ತು ಅಂದ್ರೆ ಮುದುಕರು ಎದ್ದುನಿಂತು ಕಹಿ ಅಂದ ಕೂಡ್ಲೇ 1960ರ ಕತೆ ಶುರು ಹಚ್ಕೊಂಡುಬಿಡೋರು, ಪಕ್ಷದವರು ಓಡಿಬಂದು ಕೂರಿಸೋರು. ಪಾಪ ಅವರಿಗೆ ಯಾವ ಕಹಿ ಅಂತ ಯಾರೂ ಸರಿಯಾಗಿ ಹೇಳಿರ್ಲಿಲ್ಲ.

ಇದನ್ನ ತಲೇಲಿಟ್ಕೊಂಡು ಮತ್ತೆ ಆ ಅಂಗಳ ನೋಡಿ. 1965ರ ಸಿಚುವಾನ್ ರೈತನಿಗೆ ಕಹಿ ನೆನಪು ತರ್ಸೋಕೆ ಬೊಂಬೆ ಬೇಕಾಗಿರ್ಲಿಲ್ಲ. ನಾಲ್ಕು ವರ್ಷದ ಹಿಂದೆ ಯಾರನ್ನ ಮಣ್ಣು ಮಾಡಿದೀವಿ ಅಂತ ಪ್ರತಿ ಮನೆಗೂ ಗೊತ್ತಿತ್ತು. ಬೊಂಬೆ ಬೇಕಾಗಿದ್ದು ಆ ಹಸಿವಿಗೆ ಬೇರೆ ತಾರೀಖು, ಬೇರೆ ಮುಖ ಕೊಡೋಕೆ. ಅಂಗಳದಲ್ಲಿ ನಿಂತು ಅತ್ತವರು ಯಾರಿಗೋಸ್ಕರ ಅತ್ತರು ಅನ್ನೋದು ಯಾರೂ ಕೇಳೋ ಹಂಗಿಲ್ಲ, ಅಳೋಕೆ ಒಂದು ಜಾಗ ಅಂತೂ ಸಿಕ್ತು. ಈ ಶಿಲ್ಪನ ಬರೀ ಪ್ರಾಪಗಾಂಡ ಅಂತ ತಳ್ಳಿಹಾಕೋರ ಜೊತೆ ನನಗೆ ಇರೋ ತಕರಾರು ಇದೇ. ಕಸುಬು ಅಷ್ಟು ಚೆನ್ನಾಗಿದೆ, ಹಸಿದ ಮೈ ಹೆಂಗಿರುತ್ತೆ, ಭಾರ ಹೊತ್ತ ಕತ್ತು ಹೆಂಗೆ ತಿರುಗುತ್ತೆ ಅಂತ ಮಾಡಿದವರಿಗೂ ಗೊತ್ತು, ನೋಡಿದವರಿಗೂ ಗೊತ್ತು. ಅದು ಅವರಿಗೆ 1940ರ ನೆನಪಿಂದ ಮಾತ್ರ ಬಂತು ಅಂತ ನಾನು ನಂಬಲ್ಲ.

ಮುಂದಿನದು ಬೇಗ ಹೇಳ್ತೀನಿ. 1965ರ ಡಿಸೆಂಬರಲ್ಲಿ ಕೆಲವು ಬೊಂಬೆಗಳ ಪ್ರತಿ ಬೀಜಿಂಗಿನ ರಾಷ್ಟ್ರೀಯ ಗ್ಯಾಲರಿಗೆ ಹೋದ್ವು, ಜನ ಮುಗಿಬಿದ್ದು ನೋಡಿದ್ರು. ಮರುವರ್ಷ ಸಾಂಸ್ಕೃತಿಕ ಕ್ರಾಂತಿ ಶುರುವಾಯ್ತು, ಈ ಶಿಲ್ಪ ಮಾದರಿ ಕೃತಿ ಅನ್ನಿಸ್ಕೊಳ್ತು. ಆದ್ರೆ ಅಂತ್ಯ ಸಾಲ್ದು, ಬರೀ ಅಳು ಸಿಟ್ಟು ಇದೆ, ದಾರಿ ಎಲ್ಲಿ ಅಂತ ತಕರಾರು ಬಂದು ಕೊನೇ ಭಾಗದಲ್ಲಿ ಬಂಡೇಳೋ ರೈತರನ್ನ ಜಾಸ್ತಿ ಮಾಡಿದ್ರು. ಪ್ರತಿಗಳು ಅಲ್ಬೇನಿಯಾದಂಥ ಮಿತ್ರದೇಶಕ್ಕೂ ಹೋದ್ವು. 70ರ ದಶಕದಲ್ಲಿ ಊರಿಂದೂರಿಗೆ ಸಾಗಿಸೋಕೆ ಅಂತ ಫೈಬರ್‌ಗ್ಲಾಸಲ್ಲಿ ತಾಮ್ರದ ಲೇಪ ಕೊಟ್ಟು ಇನ್ನೊಂದು ಸೆಟ್ ಮಾಡಿದ್ರು.

ಇತ್ತ ಯುರೋಪಲ್ಲಿ ಹರಾಲ್ಡ್ ಝೇಮಾನ್ ಅನ್ನೋ ಸ್ವಿಸ್ ಕ್ಯುರೇಟರ್ (ಕಲಾ ಪ್ರದರ್ಶನ ರೂಪಿಸಿ ನಡೆಸೋನು) ಈ ಶಿಲ್ಪದ ಫೋಟೋ ನೋಡಿ ಬೆರಗಾಗಿದ್ದ. 1972ರಲ್ಲಿ ಪಶ್ಚಿಮ ಜರ್ಮನಿಯ ಕಾಸೆಲ್ ಊರಲ್ಲಿ ಅವನು ನಡೆಸಿದ ಐದನೇ ಡಾಕ್ಯುಮೆಂಟಾ ಅನ್ನೋ ಕಲಾ ಪ್ರದರ್ಶನಕ್ಕೆ ಇದನ್ನ ತರಿಸಬೇಕು ಅಂತ ಓಡಾಡಿದ, ಆಗ್ಲಿಲ್ಲ. ಆ ದೇಶಕ್ಕೂ ಚೀನಾಕ್ಕೂ ರಾಯಭಾರ ಸಂಬಂಧವೇ ಇರ್ಲಿಲ್ಲ. ಶೋ ಮುಗಿದಿದ್ದು ಅಕ್ಟೋಬರ್ 8ಕ್ಕೆ, ಸಂಬಂಧ ಆಗಿದ್ದು ಅಕ್ಟೋಬರ್ 11ಕ್ಕೆ. ಮೂರೇ ದಿನ. ಝೇಮಾನ್ ಮನಸ್ಸಲ್ಲಿ ಅದು ಉಳ್ಕೊಂಡಿತ್ತು ಅಂತ ಕಾಣುತ್ತೆ, ಇಪ್ಪತ್ತೇಳು ವರ್ಷ ಆದ್ಮೇಲೆ ವೆನಿಸ್ ಬಿಯೆನಾಲೆಯ ನಿರ್ದೇಶಕ ಆಗಿದ್ದವನು ಅವನೇ. ಆ ವರ್ಷ ಸುಮಾರು ಇಪ್ಪತ್ತು ಜನ ಚೀನೀ ಕಲಾವಿದರನ್ನ ಕರೆಸಿದ್ದ, ಅವರಲ್ಲಿ ಒಬ್ಬ ತ್ಸಾಯ್.

ತ್ಸಾಯ್ ಹುಟ್ಟಿದ್ದು 1957ರಲ್ಲಿ, ಫ್ಯೂಜಿಯಾನ್ ಪ್ರಾಂತ್ಯದ ಚುವಾನ್‌ಝೌನಲ್ಲಿ, ಸಮುದ್ರದಾಚೆ ತೈವಾನ್. ಚಿಕ್ಕವನಿದ್ದಾಗ ಗುಂಡಿನ ಸದ್ದು, ಹಬ್ಬದ ಪಟಾಕಿ ಸದ್ದು ಎರಡೂ ಕೇಳ್ಕೊಂಡೇ ಬೆಳೆದ ಕರಾವಳಿ. ಶಾಂಘೈನಲ್ಲಿ ರಂಗಸಜ್ಜಿಕೆ ಓದಿ, 1986ರಲ್ಲಿ ಜಪಾನ್‌ಗೆ ಹೋಗಿ, 1995ರಲ್ಲಿ ನ್ಯೂಯಾರ್ಕ್ ಸೇರಿದ. ಹೆಸರು ಮಾಡಿದ್ದು ಸಿಡಿಮದ್ದು ಸುಟ್ಟು ಚಿತ್ರ ಬರೆಯೋದ್ರಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೇಲಿ ಆಕಾಶದಲ್ಲಿ 29 ಹೆಜ್ಜೆಗುರುತಿನ ಪಟಾಕಿ ಹೊಡೆಸಿದ್ದು ಇವನೇ. ವೆನಿಸಲ್ಲಿ ಮಾತ್ರ ಮದ್ದಿನ ಗೋಡೌನಲ್ಲಿ ಕೂತು ಮದ್ದು ಮುಟ್ಟಲಿಲ್ಲ. ಮಣ್ಣಿನ ಕೆಲಸದವರನ್ನ ಕರೆಸಿದ. ಅವರಲ್ಲಿ ಲಾಂಗ್ ಶೂಲಿ ಅನ್ನೋರು 1965ರ ಮೂಲ ಅಂಗಳದಲ್ಲೇ ಕೈಕೆಸರು ಮಾಡ್ಕೊಂಡಿದ್ದವರು.

ರಂಗಸಜ್ಜಿಕೆ ಕಲಿತವನ ಕಣ್ಣು ಇದು ಅನ್ನೋದು ನೋಡಿದ್ರೆ ತಿಳಿಯುತ್ತೆ. ಆನ್‌ರೆನ್‌ನಲ್ಲಿ ಬೊಂಬೆ ಮುಗಿದ ಮೇಲೆ ಜನ ಒಳಗೆ ಬಂದ್ರು, ಒಳಗಿನ ಹುಲ್ಲು ಯಾರಿಗೂ ಕಾಣ್ಸಲ್ಲ. ವೆನಿಸಲ್ಲಿ ಒಳಗಿನ ಅಸ್ಥಿಪಂಜರವೇ ಮೊದಲು. ಕಷ್ಟದಲ್ಲಿರೋ ರೈತ ಅನ್ನೋನು ಹೆಂಗೆ ತಯಾರಾಗ್ತಾನೆ, ಇವತ್ತು ಅಸ್ಥಿ, ನಾಳೆ ಮಾಂಸ, ನಾಡಿದ್ದು ಮುಖದ ಮೇಲೆ ನೋವು, ಅದೂ ಕೂಲಿಗೆ ಮಾಡೋರ ಕೈಯಿಂದ. ಆಮೇಲೆ ಅದು ಒಣಗಿ ಒಡೆಯುತ್ತೆ, ಯಾರೂ ರಿಪೇರಿ ಮಾಡಲ್ಲ. ಶೋ ಮುಗಿದ ಮೇಲೆ ಒಂದೂ ಉಳೀಲಿಲ್ಲ. ಮೂವತ್ತನಾಲ್ಕು ವರ್ಷ ಗಾಜಿನ ಕಣ್ಣು ಹೊಳೆಸ್ಕೊಂಡು ನಿಂತಿದ್ದ ಒಂದು ನಂಬಿಕೆನ ನಾಲ್ಕೈದು ತಿಂಗಳಲ್ಲಿ ಹುಟ್ಟಿಸಿ ಸಾಯಿಸಿದ ಹಾಗಾಯ್ತು. ನನಗೆ ಇದು ಕೆಲಸ ಮಾಡುತ್ತೆ. ಆದ್ರೆ ಒಂದು ತೊಡಕಿದೆ, 1965ರ ಆ ಅಂಗಳದ ಹಿಂದೆ ಏನಿತ್ತು ಅಂತ ಗೊತ್ತಿಲ್ಲದ ಯುರೋಪಿನ ಪ್ರೇಕ್ಷಕನಿಗೆ ಇದು ಬರೀ ಒಡೆಯೋ ಮಣ್ಣಿನ ಚಂದ. ಪಕ್ಕದಲ್ಲಿ ಹಳೇ ದಾಖಲೆ, ಫೋಟೋಗಳ ಜೆರಾಕ್ಸ್ ಇಟ್ಟಿದ್ದ ನಿಜ, ಎಷ್ಟು ಜನ ನಿಂತು ಓದಿರ್ತಾರೆ ಹೇಳಿ.

ಚೀನಾದಲ್ಲಿ ಜಗಳ ಹತ್ತಿಕೊಂಡಿದ್ದು 2000ರ ಮೇ ತಿಂಗಳಲ್ಲಿ. ಸಿಚುವಾನ್ ಲಲಿತಕಲಾ ಸಂಸ್ಥೆ ತ್ಸಾಯ್ ಮೇಲೆ, ಝೇಮಾನ್ ಮೇಲೆ, ಬಿಯೆನಾಲೆ ಮೇಲೆ ಕಾಪಿರೈಟ್ ಉಲ್ಲಂಘನೆ ಕೇಸ್ ಹಾಕ್ತೀವಿ ಅಂತ ಪ್ರಕಟಿಸಿತು. ಮೂಲ ಶಿಲ್ಪಿಗಳಲ್ಲಿ ಬದುಕಿದ್ದವರಿಗೆ ನಿಜವಾಗ್ಲೂ ನೋವಾಗಿತ್ತು, ಅದನ್ನ ತಮಾಷೆ ಮಾಡೋದು ಬೇಡ. ನಾವು ದೇಶಕ್ಕೆ ಅಂತ ಹೆಸರು ಕೂಡ ಹಾಕ್ಕೊಳ್ಳದೆ ಮಾಡಿದ್ದನ್ನ ನ್ಯೂಯಾರ್ಕಲ್ಲಿ ಕೂತವನೊಬ್ಬ ತನ್ನ ಹೆಸರಲ್ಲಿ ತೋರ್ಸಿ ಬಹುಮಾನ ತಗೊಂಡ ಅನ್ನೋದು ಅವರ ಸಂಕಟ. ಪಶ್ಚಿಮದವರ ನಾಲಿಗೆ ರುಚಿ ನೋಡ್ಕೊಂಡು ಅಡುಗೆ ಮಾಡೋ ವಲಸೆ ಕಲಾವಿದರು ಅಂತ ಒಂದು ಗುಂಪು ಬೈತು, ಇದು ಎರವಲು ತಗೊಂಡು ಹೊಸ ಅರ್ಥ ಕೊಡೋ ಸಮಕಾಲೀನ ಕಲೆಯ ರೀತಿ, ಕಳ್ಳತನ ಅಲ್ಲ ಅಂತ ಇನ್ನೊಂದು ಗುಂಪು. ಕೊನೆಗೆ ಕೋರ್ಟಿನ ತೀರ್ಪು ಅಂತ ಏನೂ ಬರ್ಲಿಲ್ಲ, ಕೇಸ್ ಹಂಗೇ ತಣ್ಣಗಾಯ್ತು.

ಆದ್ರೆ ಆ ವಾದ ಇದ್ಯಲ್ಲ, ಅದು ತೀರ್ಪಿಗಿಂತ ದೊಡ್ಡದು. 1965ರಲ್ಲಿ ಈ ಶಿಲ್ಪ ಹೇಳಿದ್ದು ಏನು, ಒಬ್ಬ ಆಸ್ತಿವಂತ ಹತ್ತು ಜನರ ದುಡಿಮೆನ ತನ್ನ ಲೆಕ್ಕಕ್ಕೆ ಬರ್ಕೊಳ್ಳೋದು ಪಾಪ ಅಂತ. ಚೀನಾದ ಕಾಪಿರೈಟ್ ಕಾಯ್ದೆ ಬಂದಿದ್ದೇ 1990ರಲ್ಲಿ, 1992ಕ್ಕೆ ಕಾಪಿರೈಟಿನ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ ಸೇರಿದ್ರು, 2001ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ. ಈ ನಡುವೆ ಸಿಕ್ಕಿಹಾಕ್ಕೊಂಡ ಒಂದು ಸರ್ಕಾರಿ ಸಂಸ್ಥೆ ಸಮೂಹದ ಮಣ್ಣಿಗೆ ನಾನು ಮಾಲೀಕ ಅಂತ ಪತ್ರ ಹಿಡ್ಕೊಂಡು ಬರುತ್ತೆ. ಒಂದು ರೀತಿ ಗೇಣಿ ಕೇಳ್ದಂಗೆ. ಮೂಲ ಶಿಲ್ಪಿಗಳ ಹೆಸರುಗಳು ಎಲ್ಲರ ಬಾಯಲ್ಲಿ ಬಂದಿದ್ದೇ ಈ ಜಗಳದಿಂದ, ಯೆ ಯುಶಾನ್, ಜಾವ್ ಶುಟೊಂಗ್, ವಾಂಗ್ ಗುವಾನ್‌ಯಿ ಅಂತೆಲ್ಲ. ಇನ್ನು ಆ ಊರಿನ ದೇವರಬೊಂಬೆ ಕುಶಲಕರ್ಮಿಗಳು, ಅವರ ಪಾಲನ್ನ ಯಾವ ಕಡೆಯವರೂ ದೊಡ್ಡದಾಗಿ ಕೇಳಿದ್ದು ನಾನಂತೂ ಕಾಣೆ.

ನೀರಿನ ಸೆರೆ ವಿಷ್ಯ ಬಾಕಿ ಇತ್ತಲ್ಲ. 80ರ ದಶಕದಲ್ಲಿ ಮ್ಯೂಸಿಯಂನವರೇ ವಿಚಾರಿಸಿ ನೋಡಿದಾಗ ಅಂಥ ಸೆರೆ ಇತ್ತು ಅನ್ನೋದಕ್ಕೆ ಪುರಾವೆ ಸಿಗ್ಲಿಲ್ಲ, ಅದು ಅಫೀಮು ಇಡ್ತಿದ್ದ ಕೋಣೆ. ಇದು ಗೊತ್ತಾದ ಮೇಲೆ ಲೋಲಕ ಇನ್ನೊಂದು ತುದಿಗೆ ಹೋಯ್ತು, ಲಿಯು ದಾನಿ, ಶಿಕ್ಷಣಪ್ರೇಮಿ, ಪಾಪದವನು ಅಂತ ಬರೆಯೋರು ಹುಟ್ಕೊಂಡ್ರು. ಇದನ್ನೂ ನಾನು ನುಂಗೋಕೆ ತಯಾರಿಲ್ಲ. ಅಫೀಮಿನ ದುಡ್ಡು, ಬಂದೂಕಿನ ಬಲ, ಗೇಣಿ, ಇವೆಲ್ಲ ಇದ್ದಿದ್ದು ನಿಜ. ಸೆರೆ ಸುಳ್ಳು ಅಂದ ಮಾತ್ರಕ್ಕೆ ಕೊಳಗ ಚಿಕ್ಕದಾಗಲ್ಲ. ಸುಳ್ಳು ಸೇರಿಸಿದವರು ಮಾಡಿದ ದೊಡ್ಡ ಹಾನಿ ಅಂದ್ರೆ ನಿಜವಾದ ಗೇಣಿದಾರರ ಕಷ್ಟಕ್ಕೂ ಈಗ ಯಾರೂ ಕಿವಿಗೊಡದಂಗೆ ಮಾಡಿದ್ದು.

2008ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್‌ನಲ್ಲಿ ತ್ಸಾಯ್ ಇದೇ ಕೆಲಸ ಮತ್ತೆ ಮಾಡಿಸಿದ, ಆ ಮ್ಯೂಸಿಯಂ ಒಳಗೆ ಸುತ್ತಿಕೊಂಡು ಮೇಲೆ ಹೋಗೋ ದಾರಿ ಪಕ್ಕದಲ್ಲಿ. 2009ರಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳಕ್ಕೆ ಚೀನಾ ಮುಖ್ಯ ಅತಿಥಿ ಆಗಿದ್ದಾಗ ಅದೇ ಊರಿನ ಶಿರ್ನ್ ಗ್ಯಾಲರಿಗೆ ಆ ತಾಮ್ರ ಲೇಪದ ಫೈಬರ್‌ಗ್ಲಾಸ್ ಸೆಟ್ ಬಂತು, ಚೀನಾದ ಒಪ್ಪಿಗೆ ಮೇಲೆ, ಗೌರವದ ಜೊತೆ. ಝೇಮಾನ್ 2005ರಲ್ಲೇ ತೀರ್ಕೊಂಡಿದ್ದ, ಕಾಸೆಲ್‌ಗೆ ಬೇಕು ಅಂದಿದ್ದು ಫ್ರಾಂಕ್‌ಫರ್ಟ್‌ಗೆ ಬಂದಾಗ ನೋಡೋಕೆ ಇರ್ಲಿಲ್ಲ.

ಕೊನೇದಾಗಿ ಒಬ್ಬರ ಬಗ್ಗೆ ಹೇಳ್ಬೇಕು. ಕೇಸ್ ಹಾಕ್ತೀವಿ ಅಂದಾಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಲುವೋ ಝೊಂಗ್ಲಿ ಅನ್ನೋ ಪೇಂಟರ್. 1965ರಲ್ಲಿ ಬೊಂಬೆ ಎದ್ದು ನಿಂತಾಗ ಇವರು ಅದೇ ಸಂಸ್ಥೆಯ ಹೈಸ್ಕೂಲಲ್ಲಿ ಓದ್ತಿದ್ದ ಹುಡುಗ. 1975ರ ಚೀನೀ ಹೊಸವರ್ಷದ ಹಿಂದಿನ ರಾತ್ರಿ ಚೊಂಗ್‌ಚಿಂಗ್‌ನಲ್ಲಿ ಎಲ್ಲರೂ ಮನೇಲಿ ಹಬ್ಬದಡುಗೆ ಉಣ್ತಿರೋವಾಗ ಒಬ್ಬ ರೈತ ಸಾರ್ವಜನಿಕ ಕಕ್ಕಸಿನ ಪಕ್ಕ ಚಳಿಯಲ್ಲಿ ಕೂತು, ಗೊಬ್ಬರಕ್ಕೆ ಅಂತ ಕಾಯ್ತಾ ಇದ್ದಿದ್ದನ್ನ ನೋಡಿದ್ರಂತೆ. ಅದು ತಲೇಲಿ ಕೂತು 1980ರಲ್ಲಿ 'ಅಪ್ಪ' ಅನ್ನೋ ಚಿತ್ರ ಆಯ್ತು. ಎರಡು ಮೀಟರ್‌ಗಿಂತ ಎತ್ತರದ ಕ್ಯಾನ್ವಾಸ್, ಅಲ್ಲಿವರೆಗೆ ಮಾವೋ ಮುಖಕ್ಕೆ ಮಾತ್ರ ಮೀಸಲಿದ್ದ ಅಳತೆ, ಅದರ ತುಂಬ ಒಬ್ಬ ಮುದುಕ ರೈತನ ಮುಖ. ಬಿಸಿಲಿಗೆ ಸುಟ್ಟ ಚರ್ಮ, ಉಳುಮೆ ಸಾಲಿನಂಥ ಸುಕ್ಕು, ಬೆವರ ಹನಿ, ಒಂದೋ ಎರಡೋ ಹಲ್ಲು, ಕೈಲಿ ಒಡಕು ಬಟ್ಟಲು.

ಪ್ರದರ್ಶನಕ್ಕೆ ಕಳ್ಸೋ ಮುಂಚೆ ಪ್ರಾಂತ್ಯದ ಕಲಾವಿದರ ಸಂಘದ ಹಿರಿಯರಿಗೆ ಒಂದು ಆತಂಕ. ಇವನು ಯಾವ ಕಾಲದ ರೈತ ಅಂತ ಗೊತ್ತಾಗಲ್ಲ, ಹಳೇ ಸಮಾಜದವನ ಥರಾನೇ ಇದಾನೆ, ಹೊಸ ಸಮಾಜದವನು ಅಂತ ತಿಳಿಯೋಕೆ ಏನಾದ್ರೂ ಹಾಕಪ್ಪ ಅಂದ್ರು. ಲುವೋ ಯೋಚನೆ ಮಾಡಿ, ಮುದುಕನ ಕಿವಿ ಸಂದಿಗೆ, ತಲೆಗೆ ಸುತ್ತಿದ ಬಟ್ಟೆಯ ನೆರಳಲ್ಲಿ, ಒಂದು ಬಾಲ್‌ಪೆನ್ ಸಿಗಿಸಿದ್ರು. ಚಿತ್ರಕ್ಕೆ ಮೊದಲ ಬಹುಮಾನ ಬಂತು. ಪೆನ್ನು ಈಗಲೂ ಅಲ್ಲೇ ಇದೆ, ಹತ್ತಿರ ಹೋಗಿ ಹುಡುಕಿದ್ರೆ ಕಾಣುತ್ತೆ.